ಯೂರಿಯಾ ಹಾಕಿದ ಜೋಳದ ಮೇವು, ಒಣಗಿಸಿದ್ರೆ ವಿಷ ಹೋಗುತ್ತಾ?

ಪ್ರಶ್ನೆ: ಮೇವಿನ ಜೋಳಕ್ಕೆ ಯೂರಿಯಾ ಕೊಟ್ಟಿದ್ದೆ, ಆಮೇಲೆ ಮಳೆ ಕೈಕೊಟ್ಟು ಬೆಳೆ ಬಾಡ್ತು. ಮೊನ್ನೆ ಮಳೆ ಬಿದ್ದು ಈಗ ಹಚ್ಚಗಾಗಿದೆ. ಇಂಥ ಮೇವಲ್ಲಿ ನೈಟ್ರೇಟ್ ವಿಷ ಇರುತ್ತೆ, ಕೊಯ್ದು ಒಣಗಿಸಿದ್ರೆ ಹೋಗುತ್ತೆ ಅಂತಾರೆ. ನಿಜಾನಾ ಸರ್?

ಉತ್ತರ: ಹೋಗಲ್ಲ, ದಯವಿಟ್ಟು ಅದನ್ನ ನಂಬ್ಕೊಂಡು ಹಾಕ್ಬೇಡಿ. ಒಣಗಿಸಿದಾಗ ಕಮ್ಮಿಯಾಗೋದು ಎಳೇ ಜೋಳದ ಸಯನೈಡ್ ವಿಷ, ಅದೇ ಬೇರೆ. ನೈಟ್ರೇಟ್ ಒಣಮೇವಲ್ಲೂ ಹಾಗೇ ಇರುತ್ತೆ.

ಹಾಕಿದ ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗುತ್ತೆ. ಬೆಳೆ ಬಾಡಿದಾಗ ಬೇರು ಎಳ್ಕೊಂಡ ಆ ನೈಟ್ರೇಟನ್ನ ಎಲೆ ಪ್ರೋಟೀನ್ ಮಾಡೋಕಾಗ್ದೆ ಅದು ದಂಟಲ್ಲೇ ಉಳ್ಕೊಳ್ಳುತ್ತೆ, ಮಳೆ ಬಿದ್ದ ಮೊದಲ ಕೆಲವು ದಿನ ಮಣ್ಣಲ್ಲಿದ್ದ ಗೊಬ್ಬರನೂ ಎಳ್ಕೊಂಡು ಇನ್ನೂ ಏರುತ್ತೆ. ಹಾಗಾಗಿ ಹಚ್ಚಗಾಗಿದೆ ಅಂತ ಇವತ್ತೇ ಕುಡುಗೋಲು ಹಾಕ್ಬೇಡಿ, ಒಂದು ವಾರ ಹತ್ತು ದಿನ ಬಿಡಿ, ಮೋಡ ಮುಚ್ಕೊಂಡೇ ಇದ್ರೆ ಇನ್ನೂ ಕಾಯಿರಿ. ಕೊಯ್ಯುವಾಗ ಬುಡದಿಂದ ಒಂದಡಿ ಬಿಟ್ಟೇ ಕೊಯ್ಯಿರಿ, ವಿಷ ಹೆಚ್ಚಾಗಿರೋದೇ ಆ ದಪ್ಪ ದಂಟಲ್ಲಿ.

ಇನ್ನೊಂದು ವಿಷ್ಯ ತುಂಬಾ ಜನ ಗಮನಿಸಲ್ಲ. ಸಂಜೆ ಕತ್ತರಿಸಿದ ಹಸಿಮೇವು ರಾಶಿ ಹಾಕಿ ಬೆಳಿಗ್ಗೆ ಕೈಯಿಟ್ಟು ನೋಡಿ, ಬಿಸಿ ಇರುತ್ತೆ. ಆ ಕಾವಲ್ಲಿ ನೈಟ್ರೇಟ್ ನೈಟ್ರೈಟ್ ಆಗುತ್ತೆ, ಅದು ಹತ್ತುಪಟ್ಟು ಹೆಚ್ಚು ವಿಷ. ಅಂಥ ಮೇವು ಹಾಕ್ಲೇಬೇಡಿ. ಹಸಿದ ದನಕ್ಕಂತೂ ಮೊದಲು ಬೇರೆ ಒಣಹುಲ್ಲು ತಿನ್ನಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಇದನ್ನ ಬೆರೆಸಿ ಕೊಡಿ.

ಸೈಲೇಜ್, ಅಂದ್ರೆ ಹಸಿಮೇವನ್ನ ಗಾಳಿಯಾಡದ ಹಾಗೆ ಮುಚ್ಚಿ ಹುಳಿಸಿದ ಮೇವು, ಮಾಡಿದ್ರೆ ನೈಟ್ರೇಟ್ ಸುಮಾರು ಅರ್ಧದಷ್ಟು ಇಳಿಯಬಹುದು, ಪೂರ್ತಿ ಅಲ್ಲ, ಮೂರ್ನಾಲ್ಕು ವಾರ ಮುಚ್ಚಿಟ್ಟು ತೆಗೀಬೇಕು. ಆದ್ರೆ ನನ್ನ ಕೇಳಿದ್ರೆ ಲ್ಯಾಬ್‌ಗೆ ಕಳಿಸೋದೇ ವಾಸಿ. ಒಣತೂಕದಲ್ಲಿ ನೈಟ್ರೇಟ್ 0.5% ಒಳಗಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, 1% ದಾಟಿದ್ರೆ ಅಪಾಯ. ಗಬ್ಬದ ಹಸು ಕಂದು ಹಾಕೋ (ಗರ್ಭಪಾತ ಆಗೋ) ಸಾಧ್ಯತೆ ಇರೋದ್ರಿಂದ ಅನುಮಾನ ಇರೋ ಮೇವು ಅದಕ್ಕೆ ಬೇಡವೇ ಬೇಡ.

ಮೇವು ತಿಂದ ಮೇಲೆ ದನ ಏದುಸಿರು ಬಿಟ್ಟು ತೂರಾಡ್ತಿದ್ರೆ ತುಟಿ ಎತ್ತಿ ಒಸಡು ನೋಡಿ. ನೀಲಿ ಇಲ್ಲಾ ಕಂದು ತಿರುಗಿದ್ರೆ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ಹೋಗ್ತಿದೆ ಅಂತರ್ಥ. ತಕ್ಷಣ ಮೇವು ತೆಗೆದುಹಾಕಿ, ದನಾನ ಓಡಾಡಿಸ್ಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ ಯೂರಿಯಾ ಹಾಕಿದ ಮೇವು ತಿಂದಿದೆ ಅಂತ್ಲೇ ಹೇಳಿ, ಈ ವಿಷಕ್ಕೆ ಕೊಡೋ ಮದ್ದು ಮಿಥಿಲೀನ್ ಬ್ಲೂ ಇಂಜೆಕ್ಷನ್ ತಗೊಂಡೇ ಬರ್ತಾರೆ.