‘ಳ’ಕಾರಕ್ಕೆ ನಿಲ್ಲುವ ಅಂತ್ಯಾಕ್ಷರಿ

ಪ್ರಶ್ನೆ: ನಮ್ಮ ಯುವಕ ಸಂಘದಲ್ಲಿ 15ರಿಂದ 25 ವರ್ಷದೊಳಗಿನ ಸುಮಾರು 20 ಮಂದಿ ಇದ್ದೇವೆ. ಮಳೆಗಾಲದಲ್ಲಿ ವಾಲಿಬಾಲ್ ಅಂಗಳ ಕೆಸರಾಗುವುದರಿಂದ ಸಮುದಾಯ ಭವನದೊಳಗೆ ಅಂತ್ಯಾಕ್ಷರಿ ಆಡಿ ನೋಡಿದೆವು. ಇಬ್ಬರು ಮೂವರೇ ಹಾಡುತ್ತಾರೆ. ‘ಳ’ ಬಂದ ಕೂಡಲೇ ಜಗಳವಾಗಿ ಆಟ ನಿಂತುಹೋಗುತ್ತದೆ. ಖರ್ಚಿಲ್ಲದ ಬೇರೊಂದು ತಂಡದ ಆಟವನ್ನು ತಿಳಿಸುವಿರಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇರೆ ಆಟಕ್ಕೆ ಹೋಗುವ ಮೊದಲು ಇದೇ ಆಟದ ನಿಯಮಗಳನ್ನು ತಿದ್ದಿ ನೋಡಿ. ‘ಳ’ಕಾರದ ಜಗಳಕ್ಕೆ ನಿಮ್ಮ ಹುಡುಗರಿಗಿಂತ ಕನ್ನಡದ ಸ್ವಭಾವವೇ ಹೆಚ್ಚು ಕಾರಣ. ‘ಹೂಗಳು’, ‘ಬಂದಳು’ ಎಂಬಂತೆ ಬಹುವಚನವೂ ಸ್ತ್ರೀಲಿಂಗದ ಕ್ರಿಯಾಪದವೂ ‘ಳು’ ಎಂದೇ ಮುಗಿಯುತ್ತವೆ. ‘ಹಾಡೋಣ’, ‘ಹೋಗೋಣ’ ಎಂದು ಕರೆದರೆ ‘ಣ’ ಉಳಿಯುತ್ತದೆ. ಆದರೆ ಈ ಎರಡು ಅಕ್ಷರಗಳಿಂದ ಆರಂಭವಾಗುವ ಪದಗಳು ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. (ಜೈನರ ಪ್ರಾಕೃತ ಪಂಚನಮಸ್ಕಾರ ಮಂತ್ರ ‘ಣ’ಕಾರದಿಂದ ತೊಡಗುತ್ತದೆ, ಆದರೆ ಪ್ರತಿ ಸಲವೂ ಅದನ್ನೇ ಹೇಳಲಾಗದು.) ಆದ್ದರಿಂದ ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’, ಮಹಾಪ್ರಾಣ ಬಂದರೆ ಅದರ ಅಲ್ಪಪ್ರಾಣ ಎಂದು ಆಟಕ್ಕೆ ಮೊದಲೇ ಎಲ್ಲರ ಎದುರು ಒಪ್ಪಿಕೊಳ್ಳಿ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಕೊನೆಗೊಳ್ಳುವುದರಿಂದ, ಕಡೆಯ ಅಕ್ಷರದ ಸ್ವರವನ್ನು ಬಿಟ್ಟು ವ್ಯಂಜನವನ್ನಷ್ಟೇ ಹಿಡಿಯಬೇಕು. ‘ರು’ ಎಂದು ಮುಗಿದ ಹಾಡಿಗೆ ‘ರಾ’ ಅಥವಾ ‘ರಂ’ನಿಂದ ಉತ್ತರಿಸಿದರೂ ಸರಿಯೇ.

ಇಬ್ಬರೇ ಹಾಡುವ ತೊಂದರೆ ಕೂರಿಸುವ ಕ್ರಮದಿಂದ ನೀಗುತ್ತದೆ. ತಲಾ 10 ಮಂದಿಯ ಎರಡು ತಂಡಗಳನ್ನು ಜಮಖಾನದ ಮೇಲೆ ಎದುರುಬದುರು ಸಾಲಾಗಿ ಕೂರಿಸಿ. ಪ್ರತಿ ಸರದಿಯಲ್ಲಿ ಸಾಲಿನ ಮುಂದಿನವರೇ ಹಾಡನ್ನು ಎತ್ತಿಕೊಳ್ಳಬೇಕು. ಅವರ ಕಿವಿಯಲ್ಲಿ ತಂಡದವರು ಹಾಡನ್ನು ಹೇಳಿಕೊಡಬಹುದು, ಹಾಡಿನ ಎರಡನೆಯ ಸಾಲಿನಿಂದ ದನಿಗೂಡಿಸಲೂಬಹುದು, ಆದರೆ ಮೊದಲ ಸಾಲನ್ನು ಮಾತ್ರ ಅವರೊಬ್ಬರೇ ಹೇಳಬೇಕು. ಶ್ರುತಿ ತಪ್ಪಿದರೆ ಅಂಕ ಕಳೆಯುವುದು ಬೇಡ. ಹಾಡಲು ನಾಚುವವರು ಸಾಹಿತ್ಯವನ್ನು ಓದುವಂತೆ ಹೇಳಿದರೂ ಒಪ್ಪಿಕೊಳ್ಳಿ. ಯೋಚಿಸಲು 30 ಸೆಕೆಂಡು ಸಾಕು. ಪಲ್ಲವಿ ಮುಗಿದಲ್ಲಿ ಹಾಡು ನಿಲ್ಲಬೇಕು. ಸಮಯ ನೋಡುವುದಕ್ಕೂ ತೀರ್ಪಿಗೂ ಯಾವ ತಂಡಕ್ಕೂ ಸೇರದ ಒಬ್ಬರು ಇರಲಿ, ಮೊಬೈಲು ಅವರ ಕೈಯಲ್ಲಿ ಮಾತ್ರ ಇರಲಿ.

ಸಿನಿಮಾ ಹಾಡುಗಳು ಬೇಸರ ತಂದ ದಿನ ಒಂದು ಸುತ್ತನ್ನು ವಚನ, ದಾಸರ ಪದ, ತ್ರಿಪದಿಗಳಿಗೆ ಮೀಸಲಿಡಿ. ನನಗಂತೂ ಇದೇ ಹೆಚ್ಚು ರುಚಿಕರ. ಇಲ್ಲಿ ಪಲ್ಲವಿಯ ನಿಯಮವನ್ನು ಕೈಬಿಟ್ಟು ಅಂಕಿತದವರೆಗೂ ಹೇಳಿಸಿದರೆ ಆಟ ಚದುರಂಗದಂತಾಗುತ್ತದೆ. ಬಸವಣ್ಣನವರ ವಚನ ಹೆಚ್ಚಾಗಿ ‘ಕೂಡಲಸಂಗಮದೇವ’ ಎಂದು ಮುಗಿದು ಎದುರಾಳಿಗೆ ‘ವ’ ಕೊಡುತ್ತದೆ, ಅದು ಸುಲಭ; ‘ಪುರಂದರವಿಠಲ’ ಎಂಬ ಅಂಕಿತ ‘ಲ’ ಕೊಡುತ್ತದೆ, ಲಾಲಿ ಹಾಡುಗಳು ಮುಗಿದ ಮೇಲೆ ಅದು ಕಷ್ಟವೇ. ‘ಸರ್ವಜ್ಞ’ ಎಂದು ಮುಗಿಸಿದವರು ಎದುರು ತಂಡವನ್ನು ‘ಜ್ಞ’ಕಾರದಲ್ಲಿ ಸಿಕ್ಕಿಸುತ್ತಾರೆ, ಅಲ್ಲಿ ‘ಜ’ ಆದೀತೇ ‘ಗ’ ಆದೀತೇ ಎಂಬುದನ್ನೂ ಆಟಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಿ, ಇಲ್ಲವಾದರೆ ‘ಳ’ಕಾರದ ಜಗಳ ಅಲ್ಲಿಗೆ ವರ್ಗವಾಗುತ್ತದೆ.