ತಲೆ ಬಿಡಿ, ಬೆನ್ನು ನೋಡಿ

ಪ್ರಶ್ನೆ: ಎಳ್ಳಮಾವಾಸ್ಯೆಗೆ ಸೇಡಂ ಕಡೆ ನಮ್ಮ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ ಊಟಕ್ಕೆ ಕೂತಾಗ ಜೋಳದಿಂದ ಹಳದಿ ಹೊಟ್ಟೆಯ ಹಕ್ಕಿಗಳ ದೊಡ್ಡ ಹಿಂಡೊಂದು ಎದ್ದು ಜಾಲಿ ಗಿಡದ ಮೇಲೆ ಕೂತಿತು. ಕಪ್ಪುತಲೆ ಬಂಟಿಂಗ್ ಅಂತ ಒಬ್ಬರು, ಕೆಂಪುತಲೆ ಬಂಟಿಂಗ್ ಅಂತ ಇನ್ನೊಬ್ಬರು. ನನಗೆ ತಲೆ ಕಪ್ಪೂ ಕಾಣಲಿಲ್ಲ, ಕೆಂಪೂ ಕಾಣಲಿಲ್ಲ. ಮೂರು ಫೋಟೊ ಕಳಿಸಿದ್ದೇನೆ.
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಕಣ್ಣಿನ ತಪ್ಪಲ್ಲ. ಚಳಿಗಾಲದಲ್ಲಿ ಕಪ್ಪುತಲೆ ಬಂಟಿಂಗ್ ಗಂಡಿನ ತಲೆಯ ಹೊಸ ಗರಿಗಳಿಗೆ ಮಾಸಲು ಕಂದು ಅಂಚು ಇರುತ್ತದೆ. ಕೆಳಗಿನ ಕಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ, ರೊಟ್ಟಿ ಮೇಲೆ ಹಿಟ್ಟು ಉದುರಿಸಿದ ಹಾಗೆ. ದಿನ ಕಳೆದಂತೆ ಅಂಚು ಸವೆದು, ಮಾರ್ಚ್ ಹೊತ್ತಿಗೆ ತಲೆ ಕರ್ರಗೆ ಹೊಳೆಯುತ್ತದೆ. ಆಮೇಲೆ ಹಕ್ಕಿ ನಮ್ಮಲ್ಲಿ ಜಾಸ್ತಿ ದಿನ ಇರುವುದಿಲ್ಲ, ಮರಿ ಮಾಡಲು ಹೊರಟುಬಿಡುತ್ತದೆ.

ಹಾಗಾಗಿ ಗಂಡುಗಳಲ್ಲಿ ಬೆನ್ನು ನೋಡಿ. ಕಪ್ಪುತಲೆಯದಕ್ಕೆ ಬೆನ್ನು ಇಟ್ಟಂಗಿ ಕೆಂಪು, ಗಂಟಲಿನಿಂದಲೇ ಹಳದಿ. ಕೆಂಪುತಲೆಯದಕ್ಕೆ ಬೆನ್ನು ಹಸಿರುಗಂದು, ಅದರ ಮೇಲೆ ಕಪ್ಪು ಗೀರು. ಅದರ ಕೆಂಪು ಮುಖದಿಂದ ಗಂಟಲು, ಎದೆಯವರೆಗೂ ಇಳಿಯುತ್ತದೆ. ಹೆಸರಿಟ್ಟವರು ತಲೆಯನ್ನೇ ಹಿಡಿದದ್ದು ನಮಗೆ ತಲೆನೋವಾಯಿತು, ಅಲ್ವಾ?

ಹೆಣ್ಣುಗಳದ್ದು ಬೇರೆಯೇ ಕಥೆ. ಎರಡೂ ಒಣ ಹುಲ್ಲಿನ ಬಣ್ಣ. ಬಾಲದ ಬುಡದ ಮೇಲ್ಭಾಗದಲ್ಲಿ ಕೆಂಪುಗಂದು ಛಾಯೆ ಇದ್ದರೆ ಕಪ್ಪುತಲೆ, ಹಸಿರು ಹಳದಿ ಇದ್ದರೆ ಕೆಂಪುತಲೆ. ಕಪ್ಪುತಲೆಯ ಕೊಕ್ಕು ತುಸು ಉದ್ದ, ಕೆಂಪುತಲೆಯದು ಮೋಟು. ಅಷ್ಟೇ. ದೂರದಿಂದ ಒಂದು ಫೋಟೊ ನೋಡಿ ಇದೇ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಬಾಲದ ಅಂಚಲ್ಲಿ ಬಿಳಿ ಹುಡುಕಿಯೂ ಪ್ರಯೋಜನವಿಲ್ಲ. ಬೇರೆ ಹಲವು ಬಂಟಿಂಗ್‌ಗಳಿಗೆ ಅದು ಇರುತ್ತದೆ, ಈ ಎರಡಕ್ಕೂ ಇಲ್ಲ.

ಇವೆರಡೂ ಎಷ್ಟು ಹತ್ತಿರದವು ಅಂದರೆ, ಸಂತಾನಕ್ಕೆ ಹೋಗುವ ಜಾಗಗಳು ಉತ್ತರ ಇರಾನಿನಲ್ಲಿ ಕೂಡುವ ಕಡೆ ಒಂದಕ್ಕೊಂದು ಬೆರೆತು ಮರಿ ಮಾಡುತ್ತವೆ. ಅಲ್ಲಿಂದ ಪಶ್ಚಿಮಕ್ಕೆ ಆಗ್ನೇಯ ಯುರೋಪಿನವರೆಗೆ ಕಪ್ಪುತಲೆ, ಪೂರ್ವಕ್ಕೆ ಮಧ್ಯ ಏಷ್ಯಾದಲ್ಲಿ ಕೆಂಪುತಲೆ. ಚಳಿಗೆ ಎರಡೂ ಭಾರತಕ್ಕೇ ಬರುತ್ತವೆ, ಒಂದೇ ಹಿಂಡಿನಲ್ಲಿ ಸೇರಿಕೊಳ್ಳುವುದೂ ಉಂಟು. ಹಾಲುತುಂಬಿದ ತೆನೆ ಎರಡಕ್ಕೂ ಇಷ್ಟ. ಸೀತನಿ ನಮಗೊಬ್ಬರಿಗೇ ಅಲ್ಲ ನೋಡಿ.

ಇನ್ನು ನಿಮ್ಮ ಫೋಟೊ. ಮೂರನೆಯದರಲ್ಲಿ ತೆನೆ ಮೇಲೆ ಓರೆಯಾಗಿ ಕೂತಿದೆಯಲ್ಲ, ಅದರ ಹೆಗಲು, ಬೆನ್ನು ಇಟ್ಟಂಗಿ ಕೆಂಪು, ಗಂಟಲು ಹಳದಿ. ಕಪ್ಪುತಲೆ ಗಂಡು. ಪಕ್ಕದ ಮಂಕು ಹಕ್ಕಿ ಎದೆ ತೋರಿಸಿಕೊಂಡು ಕೂತಿದೆ, ಬೆನ್ನೇ ಕಾಣುವುದಿಲ್ಲ. ಅದಕ್ಕೆ ಸುಮ್ನೆ ಹೆಸರು ಹಚ್ಚಲಾರೆ. ಜೋಳ ಕಿತ್ತ ಮೇಲೆ ಕಣದ ಹತ್ತಿರ ಇನ್ನೊಮ್ಮೆ ಹೋಗಿ, ಬೆನ್ನು ಕಾಣುವ ಹಾಗೆ ತೆಗೆದು ಕಳಿಸಿ.