ಹವಾಲ್ದಾರ್ ಆಗಿ ಬಂದು ಬಡಗಿಯಾಗಿ ಬಾಳಿದ ನಮ್ಮ ದೊಡ್ಡಪ್ಪ

ಸೇನೆಯಿಂದ ನಿವೃತ್ತಿಯಾಗಿ ಊರಿಗೆ ಬಂದು, ಕೈಕೆಲಸ ಮಾಡಿ ಬದುಕಿದ ಯಾರನ್ನಾದರೂ ಹತ್ತಿರದಿಂದ ನೋಡಿದ್ದೀರಾ ಅಂತ ಕೇಳಿದ್ದೀರಿ. ನೋಡಿದ್ದೇನೆ. ಸೋಮವಾರಪೇಟೆಯ ನಮ್ಮ ದೊಡ್ಡಪ್ಪ.

ಕೊಡಗಿನ ಸೈನಿಕ ಅಂದ ಕೂಡಲೇ ಎಲ್ಲರೂ ಕಾರ್ಯಪ್ಪ, ತಿಮ್ಮಯ್ಯ ಅನ್ನುತ್ತಾರೆ. ಅನ್ನಲೇಬೇಕು. 1949ರಲ್ಲಿ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಹುಟ್ಟಿದ್ದು ನಮ್ಮ ತಾಲ್ಲೂಕಿನ ಶನಿವಾರಸಂತೆಯಲ್ಲೇ. ಮುಂದೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರ ಮಡಿಕೇರಿಯ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ. ಆದರೆ ಇಲ್ಲಿಂದ ಸೇನೆಗೆ ಹೋಗಿ ಸಿಪಾಯಿ, ನಾಯಕ್, ಹವಾಲ್ದಾರ್ ಆಗಿ ವಾಪಸ್ ಬಂದವರೇ ಜಾಸ್ತಿ ಅಲ್ವಾ? ಅವರ ಮಾತು ಬರುವುದೇ ಕಡಿಮೆ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು.

ದೊಡ್ಡಪ್ಪನದು ಬಡಗಿ ಮನೆತನ. ಸೇರಿದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ. 1780ರಷ್ಟು ಹಳೆಯ ಪಡೆ ಅದು. ಅಲ್ಲಿಯವರನ್ನು ಸೇನೆಯಲ್ಲಿ 'ತಂಬಿ' ಅಂತಲೇ ಕರೆಯುತ್ತಾರೆ. ಬಂದೂಕಿನ ಜೊತೆಗೆ ಉಳಿ, ಗರಗಸವನ್ನೂ ಕೈಗೆ ಕೊಡುವ ಜಾಗ. ಸೇತುವೆ ಕಟ್ಟುವುದು, ಶತ್ರುಗಳು ನೆಲದಲ್ಲಿ ಹೂತಿಟ್ಟ ಮೈನ್, ಅಂದರೆ ನೆಲಬಾಂಬ್ ತೆಗೆಯುವುದು ಅವರ ಕೆಲಸ.

1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಶಕರ್‌ಗಢದ ಕಡೆ ಬಸಂತರ್ ಹೊಳೆ ದಾಟಬೇಕಿತ್ತು. ನಮ್ಮ ಟ್ಯಾಂಕ್‌ಗಳಿಗೆ ಮೈನ್ ಹೂತ ನೆಲದಲ್ಲಿ ದಾರಿ ಬಿಡಿಸಿಕೊಟ್ಟಿದ್ದು ಮದ್ರಾಸ್ ಸ್ಯಾಪರ್ಸ್ ಅಂತಲೂ ಕರೆಯುವ ಇದೇ ಪಡೆಯ 9 ಎಂಜಿನಿಯರ್ ರೆಜಿಮೆಂಟ್. ದೊಡ್ಡಪ್ಪ ಅದರಲ್ಲಿದ್ದರು. ಕೈಯಿಂದ ಮೈನ್ ಹುಡುಕುವುದು ಹೇಗೆ ಅಂತ ಒಮ್ಮೆ ಅಂಗಳದಲ್ಲಿ ಕಡ್ಡಿ ಹಿಡಿದು ತೋರಿಸಿದ್ದರು. ಸಲಾಕೆಯನ್ನು ಓರೆಯಾಗಿ, ಮೆಲ್ಲಗೆ ನೆಲಕ್ಕೆ ತೂರಿಸಬೇಕು. ಅದು ಮೈನಿನ ಪಕ್ಕಕ್ಕೆ ತಾಗಬೇಕು, ತಲೆಗೆ ತಾಗಬಾರದು. ಒತ್ತು ತಲೆ ಮೇಲೆ ಬಿತ್ತೋ, ಮುಗಿಯಿತು. ಅಷ್ಟು ಹೇಳಿ ಕಡ್ಡಿ ಎಸೆದು ಎದ್ದು ಹೋದರು. ಸತ್ತ ಜೊತೆಗಾರರ ಸುದ್ದಿ ಎತ್ತಲೇ ಇಲ್ಲ.

ಊರಿಗೆ ಬಂದ ಮೇಲೆ ಪೆನ್ಶನ್ ಇತ್ತು, ಸುಮ್ನೆ ಕೂರಬಹುದಿತ್ತು. ಕೂರಲಿಲ್ಲ. ಮನೆ ಪಕ್ಕದಲ್ಲೇ ತಗಡಿನ ಕೊಟ್ಟಿಗೆ ಹಾಕಿ ಬಾಗಿಲು, ಕಿಟಕಿ ಮಾಡತೊಡಗಿದರು. ಹೆಚ್ಚಾಗಿ ಹಲಸಿನ ಮರ. ಕೊಯ್ಯುವಾಗ ಹಳದಿ ಪುಡಿ ಮೈಯೆಲ್ಲ ಮೆತ್ತಿಕೊಳ್ಳುತ್ತದೆ, ವರ್ಷ ಕಳೆದಂತೆ ಬಾಗಿಲು ಕಂದು ಬಣ್ಣಕ್ಕೆ ತಿರುಗುತ್ತದೆ. ಹಸಿ ಮರ ಮಾತ್ರ ಮುಟ್ಟುತ್ತಿರಲಿಲ್ಲ. ಗೃಹಪ್ರವೇಶಕ್ಕೆ ದಿನ ಗೊತ್ತಾಗಿದೆ ಅಂತ ಎಷ್ಟು ಅಂಗಲಾಚಿದರೂ ಅಷ್ಟೇ. ನಮ್ಮ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಆಗ ಜನ ಓಡಿ ಬಂದು ಹೆರೆದುಕೊಡಿ ಅನ್ನುತ್ತಿದ್ದರು. 'ದೀಪಾವಳಿ ಕಳೆಯಲಿ' ಅನ್ನುತ್ತಿದ್ದರು ದೊಡ್ಡಪ್ಪ. ಆಷಾಢದಲ್ಲಿ ಹೆರೆದರೆ ಬೇಸಿಗೆಯಲ್ಲಿ ಸಂದು ಬಿಟ್ಟು ಗಾಳಿ ನುಗ್ಗುತ್ತದೆ. ದುಡ್ಡು ಬರುತ್ತಿದ್ದ ಕೆಲಸವನ್ನು ಹೀಗೆ ಮುಂದೆ ಹಾಕುವ ಬಡಗಿಯನ್ನು ನಾನು ಬೇರೆ ಕಂಡಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ವಯಸ್ಸಾಗಿತ್ತು, ಮಂಡಿ ನೋವು ಬೇರೆ. ಆದರೂ ಮಕ್ಕಂದೂರಿನ ಕಡೆಯ ನೆಂಟರ ಮನೆಗೆ ಹೋಗಿ, ಕೆಸರಲ್ಲಿ ಹೂತಿದ್ದ ಬಾಗಿಲು, ತೊಲೆಗಳನ್ನು ಎತ್ತಿಸಿ ತಂದರು. ತೊಳೆದು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಕೊಳೆತದ್ದನ್ನು ಕತ್ತರಿಸಿ ತೆಗೆದರು. ನೆಂಟರು ಹೊಸ ಮನೆ ಕಟ್ಟಿದಾಗ ಹಳೇ ಮನೆಯ ಬಾಗಿಲೇ ಅಲ್ಲಿ ನಿಂತಿತು. ಕೂಲಿ ಕೇಳಲಿಲ್ಲ. ಆ ಮನೆಯವರು ಇವತ್ತಿಗೂ ಅದನ್ನು ನೆನೆದು ಕಣ್ಣೀರು ಹಾಕುತ್ತಾರೆ.

ಈಗ ಅವರಿಲ್ಲ. ಕೆಲಸ ಕಲಿತ ಹುಡುಗರು ಸುಂಟಿಕೊಪ್ಪ, ಕುಶಾಲನಗರದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಸೇನೆ ಬಿಡುವಾಗ ಕೊಟ್ಟ ಅವರ ಡಿಸ್ಚಾರ್ಜ್ ಬುಕ್ ತೆಗೆಸಿ ನೋಡಿ. ರೆಜಿಮೆಂಟ್, ಟ್ರೇಡ್ ಅಂದರೆ ಅಲ್ಲಿ ಮಾಡಿದ ಕಸುಬು, ಪದಕ ಎಲ್ಲ ಅದರಲ್ಲಿರುತ್ತದೆ. ಎದುರಿಗೆ ಇಟ್ಟುಕೊಂಡು ಒಂದೊಂದೇ ಸಾಲು ಕೇಳಿ. ದೊಡ್ಡಪ್ಪ ಬಸಂತರ್ ಬಗ್ಗೆ ಬಾಯಿಬಿಟ್ಟಿದ್ದು ನಾನು ಅದರಲ್ಲಿದ್ದ ಪದಕದ ಹೆಸರು ನೋಡಿ 'ಪಶ್ಚಿಮಿ ಸ್ಟಾರ್ ಅಂದರೇನು' ಅಂತ ಕೇಳಿದ ಮೇಲೆಯೇ.